ಆ 200 ರೂಪಾಯಿ ಎಲ್ಲಿಗೆ ಹೋಗುತ್ತದೆ?

ಕ್ಯಾಂಪಸ್ ಸೆಲೆಕ್ಷನ್ ಆಗಿ ಕೆಲಸಕ್ಕೆ ಸೇರಿದ ಸೀನಿಯರ್‌ಗಳ ಸ್ಯಾಲರಿ ಸ್ಲಿಪ್ ನೋಡಿದ್ದೀರಾ? ಪಿಎಫ್ ಜೊತೆಗೆ ‘ಪಿ.ಟಿ. 200’ ಎಂಬ ಸಾಲೊಂದು ಇರುತ್ತದೆ. ಅದು ವೃತ್ತಿ ತೆರಿಗೆ. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವರಿಂದ ಇದನ್ನು ಹಿಡಿಯುತ್ತಾರೆ. ಫೆಬ್ರುವರಿಯಲ್ಲಿ 300, ವರ್ಷಕ್ಕೆ ಒಟ್ಟು 2,500. ಈ ಹಣ ಸೇರುವುದು ರಾಜ್ಯದ ಬೊಕ್ಕಸಕ್ಕೆ. ಅದೇ ಸೀನಿಯರ್ ಚೆನ್ನೈನಲ್ಲಿ ಕೆಲಸ ಮಾಡಿದರೆ ವೃತ್ತಿ ತೆರಿಗೆ ಅಲ್ಲಿನ ಪಾಲಿಕೆಗೆ ಹೋಗುತ್ತದೆ. ಕೇರಳದಲ್ಲೂ ಸ್ಥಳೀಯ ಸಂಸ್ಥೆಗೇ. ಕಾರಣ ಆಯಾ ರಾಜ್ಯದ ಕಾನೂನು.

1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಸಂವಿಧಾನದಲ್ಲಿ ಸ್ಥಾನ ಕೊಟ್ಟಿತು. ಆದರೆ ಪಾಲಿಕೆಗಳು ಯಾವ ತೆರಿಗೆ ಹಾಕಬಹುದು ಎಂಬ ತೀರ್ಮಾನವನ್ನು ರಾಜ್ಯ ಶಾಸಕಾಂಗಕ್ಕೇ ಬಿಟ್ಟಿತು.

ಹಿಂದೆ ಊರಿಗೆ ಬರುವ ಸರಕಿನ ಮೇಲೆ ಗಡಿಯಲ್ಲೇ ಆಕ್ಟ್ರಾಯ್ ವಸೂಲಿಯಾಗುತ್ತಿತ್ತು. 1979ರಲ್ಲಿ ರಾಜ್ಯ ಅದನ್ನು ತೆಗೆದು ಪ್ರವೇಶ ತೆರಿಗೆ ತಂದಿತು. ಲಾರಿಗಳು ಕಾಯುವುದು ತಪ್ಪಿತು, ನಿಜ. ಆದರೆ ವಸೂಲಿ ಊರಿನ ಕೈಯಿಂದ ರಾಜ್ಯದ ಕೈಗೆ ಹೋಯಿತು. 2017ರ ಜುಲೈನಲ್ಲಿ ಅದೂ ಜಿಎಸ್‌ಟಿಯೊಳಗೆ ಸೇರಿತು. ಜಿಎಸ್‌ಟಿಯಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಪಾಲಿದೆ; ಪಾಲಿಕೆಗೆ ನೇರ ಪಾಲಿಲ್ಲ. ಉಳಿದದ್ದರಲ್ಲಿ ಮುಖ್ಯವಾದದ್ದು ಆಸ್ತಿ ತೆರಿಗೆ. ಅದರ ನಿಯಮವೂ ರಾಜ್ಯದ ಕಾಯ್ದೆಯಲ್ಲೇ ಇದೆ.

ಖರ್ಚಿನ ಕಡೆ ಬನ್ನಿ. ಎಷ್ಟು ಹುದ್ದೆ, ಏನು ಅರ್ಹತೆ, ಯಾವ ವೇತನ ಶ್ರೇಣಿ ಎಂಬುದೆಲ್ಲ ರಾಜ್ಯದ ವೃಂದ ಮತ್ತು ನೇಮಕಾತಿ ನಿಯಮದ ಪ್ರಕಾರ. ಪುರಸಭೆಯ ಜೂನಿಯರ್ ಎಂಜಿನಿಯರ್ ಹುದ್ದೆಗೆ ಓದುತ್ತಿರುವ ನಮ್ಮ ಸಿವಿಲ್ ಬ್ರಾಂಚಿನ ಗೆಳೆಯರು ಕಾಯುತ್ತಿರುವುದು ಪುರಸಭೆಯ ನಿರ್ಧಾರಕ್ಕಲ್ಲ, ಬೆಂಗಳೂರಿನ ಅಧಿಸೂಚನೆಗೆ.

ಇದರ ಬಿಸಿ ಹೆಚ್ಚು ತಟ್ಟುವುದು ಪೌರಕಾರ್ಮಿಕರಿಗೆ. 700 ಜನಕ್ಕೆ ಒಬ್ಬರು ಎಂಬ ಲೆಕ್ಕ ಸರ್ಕಾರದ್ದು. ಕಾಯಂ ನೌಕರರ ಸಂಬಳಕ್ಕೆ ರಾಜ್ಯದ ಅನುದಾನದ ಆಸರೆ ಇದೆ. ಹೊರಗುತ್ತಿಗೆಯವರಿಗೆ ಕೊಡಲು ಸ್ಥಳೀಯ ನಿಧಿಯನ್ನೇ ನೋಡಬೇಕಾಗುತ್ತದೆ. ನಿಧಿ ಬರಿದಾದರೆ ಮೊದಲು ತಡವಾಗುವುದು ಬೆಳಗಿನ ಜಾವ ಪೊರಕೆ ಹಿಡಿಯುವವರ ಕೂಲಿ. 2022ರ ಜುಲೈನಲ್ಲಿ ಅವರು ರಾಜ್ಯದಾದ್ಯಂತ ಮುಷ್ಕರ ಹೂಡಿದಾಗ ಕಾಯಂ ಮಾಡುವ ಭರವಸೆ ಕೊಟ್ಟದ್ದು ರಾಜ್ಯ ಸರ್ಕಾರ. ಯಾವ ಮೇಯರ್‌ಗೂ ಆ ಮಾತು ಕೊಡುವ ಅಧಿಕಾರವೇ ಇರಲಿಲ್ಲ.

ಹಾಗೆಂದು ಎಲ್ಲವನ್ನೂ ಪಾಲಿಕೆಗಳಿಗೇ ಬಿಟ್ಟುಬಿಡಿ ಎನ್ನಲಾಗದು. ರಾಜ್ಯದ ನಿಯಮ ಇರುವುದರಿಂದಲೇ ಸಣ್ಣ ಊರಿನ ಕಾಯಂ ನೌಕರನಿಗೂ ಮೈಸೂರಿನವನಿಗೂ ಒಂದೇ ವೇತನ ಶ್ರೇಣಿ ಸಿಗುತ್ತದೆ. ಅದು ನ್ಯಾಯವೇ. ನನ್ನ ತಕರಾರು ಬೇರೆ: ಸಂಬಳ ನಿಗದಿ ಮಾಡುವ ಕಾನೂನು, ಆ ಸಂಬಳಕ್ಕೆ ಹಣ ಎಲ್ಲಿಂದ ಬರಬೇಕು ಎಂಬುದನ್ನೂ ಹೇಳಬೇಕಲ್ಲವೇ? ಹೊಟ್ಟೆ ತುಂಬ ಉಣ್ಣು ಎಂದು ಹೇಳಿ ಉಗ್ರಾಣದ ಬೀಗದ ಕೈ ತಾನೇ ಇಟ್ಟುಕೊಂಡರೆ ಹೇಗೆ? ನಗರದಲ್ಲಿ ದುಡಿಯುವವರು ಕಟ್ಟುವ ವೃತ್ತಿ ತೆರಿಗೆಯಲ್ಲಿ ಒಂದು ಖಚಿತ ಪಾಲು ಆ ನಗರಕ್ಕೇ ಸಿಗುವಂತೆ ಕಾಯ್ದೆಗೆ ತಿದ್ದುಪಡಿ ತರಬಹುದು. ಅದರಲ್ಲಿ ಮೊದಲ ಹಕ್ಕು ಪೌರಕಾರ್ಮಿಕರ ಕೂಲಿಗಿರಲಿ.

ಗೆಳೆಯರೇ, ಮುಂದಿನ ಸಲ ನಿಮ್ಮೂರಿನ ಬಜೆಟ್ ಮಂಡನೆಯಾದಾಗ ಆದಾಯದ ಪುಟ ತೆಗೆದು ನೋಡಿ. ಸ್ವಂತ ಆದಾಯ ಎಷ್ಟು, ಅನುದಾನ ಎಷ್ಟು? ಆ ಎರಡು ಅಂಕಿ ಗೊತ್ತಿದ್ದರೆ, ಕಸ ಎತ್ತಿಲ್ಲವೆಂದು ಯಾರನ್ನು ಕೇಳಬೇಕು ಎಂಬುದೂ ಗೊತ್ತಾಗುತ್ತದೆ.