ತಪ್ಪು ಮೇಕೆ ಹಾಲಿನದ್ದಲ್ಲ, ಅಳತೆ ಲೋಟದ್ದು!

ಅಕ್ಕನ ಮಗುವಿನ ನಾಮಕರಣಕ್ಕೆ ಇನ್ನೊಂದು ವಾರ ಬಾಕಿ ಇತ್ತು. ನಮ್ಮ ಬಾಡಿಗೆ ಮನೆಯ ಶೆಲ್ಫಿನ ಮೇಲೆ ನಾನೇ ಮಾಡಿದ ಎಂಟು ಮೇಕೆ ಹಾಲಿನ ಸೋಪುಗಳು ಸಾಲಾಗಿ ಕೂತಿದ್ದವು. ಐದು ವಾರ ಒಣಗಿಸಿದ್ದಾಗಿತ್ತು. ಬಟರ್ ಪೇಪರ್ ಸುತ್ತಿ ದಾರ ಕಟ್ಟೋದಷ್ಟೇ ಉಳಿದಿತ್ತು. "ಪಾಪುಗೂ ಇದರಲ್ಲೇ ಸ್ನಾನ ಮಾಡಿಸ್ತೀನಿ" ಅಂತ ಅಕ್ಕ ಆಗಲೇ ಹೇಳಿಬಿಟ್ಟಿದ್ದಳು.

ಅಷ್ಟರಲ್ಲಿ ಶಿರಾ ಕಡೆಯ ನಮ್ಮೂರಿಂದ ಅಜ್ಜಿ ಬಂದರು. ಮೇಕೆ ಹಾಲು ಕಳಿಸಿದ್ದೂ ಅವರೇ. ಒಂದು ಸೋಪು ತಗೊಂಡು ಕೈ ತೊಳೆಯುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ, "ಇದೇನವ್ವಾ, ಚೌಳು ಮಣ್ಣಲ್ಲಿ ಬಟ್ಟೆ ಒಗೆದಂಗೆ ಕೈ ಉರೀತೈತೆ" ಅಂದರು.

ನಾನು ನಕ್ಕೆ. ಆಮೇಲೆ ಅವರ ಕೈ ನೋಡಿದೆ. ಬೆರಳ ಸಂದು ಕೆಂಪಗಾಗಿತ್ತು. ಹರಿಯುವ ನೀರಲ್ಲಿ ಚೆನ್ನಾಗಿ ತೊಳೆದ ಮೇಲೆ ಸಂಜೆಗೆ ಸರಿಹೋಯಿತು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ಸೋಪು ಪಾಪುವಿನ ಮೈ ಮೇಲೆ ಬಿದ್ದಿದ್ದರೆ?

ಕಣ್ಣಿಗೆ ಕಂಡ ತಪ್ಪು

ಸೋಪು ಅಂದರೆ ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿ ಆಗುವ ಹೊಸ ವಸ್ತು. ಕಾಸ್ಟಿಕ್ ಸೋಡಾ ಚರ್ಮ ಸುಡುವಂಥದ್ದು. ಲೆಕ್ಕ ಸರಿ ಇದ್ದರೆ ಅದು ಪೂರ್ತಿ ಎಣ್ಣೆಯ ಜೊತೆ ಸೇರಿ ಹೋಗುತ್ತದೆ, ಸೋಪಿನಲ್ಲಿ ಉಳಿಯುವುದಿಲ್ಲ. ನಾನು ನೀರಿನ ಬದಲು 150 ಗ್ರಾಂ ಮೇಕೆ ಹಾಲು ಬಳಸಿದ್ದೆ.

ಮಾಡಿದ ದಿನವೇ ಒಂದು ಎಡವಟ್ಟಾಗಿತ್ತು. ಫ್ರಿಜ್‌ನಿಂದ ತೆಗೆದ ತಣ್ಣನೆ ಹಾಲಿಗೆ ಕಾಸ್ಟಿಕ್ ಹಾಕುತ್ತಾ ಹೋದ ಹಾಗೆ ಹಾಲು ಕಿತ್ತಳೆ ಬಣ್ಣಕ್ಕೆ ತಿರುಗಿ, ಮೂಗಿಗೆ ಅಮೋನಿಯಾ ವಾಸನೆ ಹೊಡೆಯಿತು. ಸೋಪು ಕೊನೆಗೆ ಮೈಸೂರು ಪಾಕ್ ಬಣ್ಣಕ್ಕೆ ಬಂತು. ಹಾಗಾಗಿ ಅಜ್ಜಿಯ ಕೈ ಉರಿದಾಗ, 'ಹಾಲು ಕೆಟ್ಟಿತ್ತು' ಅಂತಲೇ ನಾನು ತೀರ್ಮಾನ ಮಾಡಿದ್ದೆ.

ನಿಜ ಏನಂದ್ರೆ, ಬಣ್ಣಕ್ಕೂ ಉರಿಗೂ ಸಂಬಂಧವೇ ಇರಲಿಲ್ಲ. ಕಾಸ್ಟಿಕ್ ಕರಗುವಾಗ ಜೋರಾಗಿ ಬಿಸಿ ಹುಟ್ಟುತ್ತದೆ. ಆ ಬಿಸಿಗೆ ಹಾಲಿನ ಸಕ್ಕರೆ ಕಂದಾಗುತ್ತದೆ, ಹಾಲಿನ ಪ್ರೋಟೀನ್ ಒಡೆದು ಅಮೋನಿಯಾ ವಾಸನೆ ಬರುತ್ತದೆ. ನೋಡೋಕೆ ಚೆಂದ ಇರಲ್ಲ, ಅಷ್ಟೇ. ವಾಸನೆ ಒಣಗುತ್ತಾ ಹೋಗುತ್ತದೆ.

ಕಣ್ಣಿಗೆ ಕಂಡರೂ ನೋಡದ ತಪ್ಪು

ಮರುದಿನ ಒಂದು ಸೋಪನ್ನು ಅಡ್ಡಕ್ಕೆ ಕತ್ತರಿಸಿದೆ. ಪುಡಿಪುಡಿಯಾಗಿ ಒಡೆಯಿತು. ಒಳಗೂ ಸಣ್ಣ ಬಿಳಿ ಹರಳುಗಳು. ಮೇಲ್ಭಾಗದಲ್ಲಿ ಮಾತ್ರ ಬಿಳಿ ಪುಡಿ ಇದ್ದರೆ ಅದು ಸಾಮಾನ್ಯವಾಗಿ ಸೋಡಾ ಬೂದಿ. ಗಾಳಿ ತಾಗಿ ಆಗುವಂಥದ್ದು, ಒರೆಸಿದರೆ ಹೋಗುತ್ತದೆ. ಒಳಗೂ ಇದ್ದು, ಸೋಪು ಬಿಸ್ಕತ್ತಿನ ಹಾಗೆ ಮುರಿದರೆ ಕಾಸ್ಟಿಕ್ ಹೆಚ್ಚಾಗಿದೆ ಅಂತ ಅನುಮಾನಪಡಬೇಕು.

ಸೋಪು ಮಾಡುವವರ ಹಳೆಯ ಪರೀಕ್ಷೆಯೊಂದಿದೆ. ಒದ್ದೆ ಬೆರಳನ್ನು ಸೋಪಿಗೆ ಉಜ್ಜಿ, ನಾಲಿಗೆ ತುದಿಗೆ ಒಂದು ಕ್ಷಣ ತಾಗಿಸಿ ಕೂಡಲೇ ಬಾಯಿ ತೊಳೆಯುವುದು. ಬರೀ ಸೋಪಿನ ರುಚಿ ಬಂದರೆ ಸರಿ. ನನಗೆ 9 ವೋಲ್ಟ್ ಬ್ಯಾಟರಿ ನೆಕ್ಕಿದ ಹಾಗೆ ಚುರ್ ಅಂತು. ಸೋಪಿನಲ್ಲಿ ಹರಳು ಕಂಡಿದ್ದರೆ ಈ ಪರೀಕ್ಷೆಗೂ ಹೋಗಬೇಡಿ. ನಾನು ಹೋಗಬಾರದಿತ್ತು.

ಹಾಗಾದರೆ ಕಾಸ್ಟಿಕ್ ಹೆಚ್ಚಾಗಿದ್ದು ಎಲ್ಲಿ? ಪುಸ್ತಕ ತೆರೆದು ಲೆಕ್ಕ ನೋಡಿದೆ. ಕೊಬ್ಬರಿ ಎಣ್ಣೆ 200, ಆಲಿವ್ ಎಣ್ಣೆ 300, ಕಾಸ್ಟಿಕ್ 73 ಗ್ರಾಂ. 500 ಗ್ರಾಂ ಎಣ್ಣೆಗೆ ಪೂರ್ತಿ ಬೇಕಾದದ್ದು ಸುಮಾರು 77 ಗ್ರಾಂ. ಚರ್ಮಕ್ಕೆ ಮೃದುವಾಗಿರಲಿ ಅಂತ ಶೇಕಡಾ 5ರಷ್ಟು ಕಡಿಮೆ ಹಾಕಿದ್ದೆ. ಲೆಕ್ಕ ಸರಿಯೇ ಇತ್ತು.

ಆಗ ನೆನಪಾಯಿತು. ಹೆದರಿಕೊಂಡು ಕಾಸ್ಟಿಕ್ ಅನ್ನು ತಕ್ಕಡಿಯಲ್ಲಿ ತೂಗಿದ್ದೆ. ಎಣ್ಣೆ ತಾನೇ ಅಂತ ಅದನ್ನು ಮಾತ್ರ ಅಳತೆ ಲೋಟದಲ್ಲಿ ಸುರಿದಿದ್ದೆ!

ಎಣ್ಣೆ ನೀರಿಗಿಂತ ಹಗುರ. 200 ಮಿಲಿ ಕೊಬ್ಬರಿ ಎಣ್ಣೆ ತೂಗುವುದು ಸುಮಾರು 184 ಗ್ರಾಂ, 300 ಮಿಲಿ ಆಲಿವ್ ಎಣ್ಣೆ ಸುಮಾರು 274 ಗ್ರಾಂ. ಒಟ್ಟು 42 ಗ್ರಾಂ ಎಣ್ಣೆ ಪಾತ್ರೆಗೆ ಬಿದ್ದೇ ಇರಲಿಲ್ಲ. ಇದ್ದ 458 ಗ್ರಾಂ ಎಣ್ಣೆಗೆ 71 ಗ್ರಾಂ ಕಾಸ್ಟಿಕ್ ಸಾಕಿತ್ತು. ಹೆಚ್ಚಾದದ್ದು 2 ಗ್ರಾಂ. ಅಜ್ಜಿಯ ಕೈ ಉರಿಯಲು ಅಷ್ಟೇ ಸಾಕಾಯಿತು.

ರಿಪೇರಿ ಹೇಗೆ ಮಾಡಿದೆ?

'ಇನ್ನೂ ಸ್ವಲ್ಪ ದಿನ ಒಣಗಿಸಿದರೆ ಸರಿಹೋಗುತ್ತೆ' ಅನ್ನುವುದನ್ನು ನಂಬಬೇಡಿ. ಐದು ವಾರ ಒಣಗಿದ ಸೋಪೇ ಉರಿದಿದ್ದು. ಕಡಿಮೆಯಾದದ್ದು ಎಷ್ಟು ಅಂತ ಗೊತ್ತಿದ್ದರೆ ಮಾತ್ರ ರಿಪೇರಿ ಸಾಧ್ಯ. ಗೊತ್ತಿಲ್ಲದಿದ್ದರೆ ಎಸೆಯುವುದೇ ಸರಿ.

ಕೈಗವಸು, ಕನ್ನಡಕ, ಮಾಸ್ಕ್ ಹಾಕಿಕೊಂಡು ಎಲ್ಲ ಸೋಪನ್ನೂ ತುರಿದೆ. ಸ್ಟೀಲ್ ಪಾತ್ರೆಗೆ ಹಾಕಿ, ತೂಕ ಮಾಡಿದ 16 ಗ್ರಾಂ ಕೊಬ್ಬರಿ ಎಣ್ಣೆ, 26 ಗ್ರಾಂ ಆಲಿವ್ ಎಣ್ಣೆ, ನಾಲ್ಕು ಚಮಚ ನೀರು ಸೇರಿಸಿದೆ. ಆ ಪಾತ್ರೆಯನ್ನು ಕುದಿಯುವ ನೀರಿನ ಮೇಲಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಆಗಾಗ ತಿರುವುತ್ತಾ ಸುಮಾರು ಎರಡು ಗಂಟೆ ಬೇಯಿಸಿದೆ. ಗಂಜಿಯ ಹಾಗಾದ ಮೇಲೆ ಅಚ್ಚಿಗೆ ಒತ್ತಿದೆ. ತಣ್ಣಗಾದ ಮೇಲೆ ನಾಲಿಗೆ ಪರೀಕ್ಷೆ ಮಾಡಿದರೆ ಚುರ್ ಅನ್ನಲಿಲ್ಲ. ಮತ್ತೆ ಮೂರು ವಾರ ಒಣಗಿಸಿದೆ.

ಮುಂದಿನ ಸಲಕ್ಕೆ

* ಎಣ್ಣೆ, ಹಾಲು, ಕಾಸ್ಟಿಕ್ ಎಲ್ಲವನ್ನೂ ಗ್ರಾಂನಲ್ಲೇ ತೂಗಿ. ಮಿಲಿ ಲೆಕ್ಕ ಬೇಡವೇ ಬೇಡ.
* ಹಾಲನ್ನು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ, ಪಾತ್ರೆಯನ್ನು ಐಸ್ ನೀರಲ್ಲಿಟ್ಟು, ಕಾಸ್ಟಿಕ್ ಅನ್ನು ಚಮಚ ಚಮಚವಾಗಿ ಹಾಕಿ. ಹಾಲು ಬಿಳಿಯಾಗಿಯೇ ಉಳಿಯುತ್ತದೆ. ಕರಗದ ಹರಳು ಸೋಪಿಗೆ ಸೇರದಂತೆ ಸೋಸಿಕೊಳ್ಳಿ.
* ಹಾಲಿಗೆ ಕಾಸ್ಟಿಕ್ ಹಾಕಬೇಕೇ ಹೊರತು ಕಾಸ್ಟಿಕ್ ಮೇಲೆ ಹಾಲು ಸುರಿಯಬಾರದು.
* ಅಲ್ಯೂಮಿನಿಯಂ ಪಾತ್ರೆ ಬೇಡ, ಕಾಸ್ಟಿಕ್ ಅದನ್ನು ತಿನ್ನುತ್ತದೆ. ಕಿಟಕಿ ತೆರೆದಿರಲಿ, ಮಕ್ಕಳು ಹತ್ತಿರ ಬಾರದಿರಲಿ.
* ಅಚ್ಚಿಗೆ ಟವೆಲ್ ಸುತ್ತಬೇಡಿ. ಹಾಲಿನ ಸೋಪು ಬೇಗ ಬಿಸಿಯೇರುತ್ತದೆ, ಒಂದು ದಿನ ಫ್ರಿಜ್‌ನಲ್ಲಿಡಿ.

ನಾಮಕರಣಕ್ಕೆ ಅಂಗಡಿಯಿಂದ ಒಂದು ಜೊತೆ ಹತ್ತಿ ಬಟ್ಟೆ ತಗೊಂಡು ಹೋದೆ. ಸೋಪು ಯಾಕೆ ತರಲಿಲ್ಲ ಅಂತ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ, ಅವಳು ಸುಮ್ಮನೆ ಪಾಪುವನ್ನು ಎದೆಗೆ ಒತ್ತಿಕೊಂಡಳು.

ರಿಪೇರಿ ಮಾಡಿದ ಸೋಪು ಒರಟೊರಟಾಗಿದೆ, ಬಣ್ಣವೂ ಮೈಸೂರು ಪಾಕಿನದ್ದೇ. ಅದು ಪಾಪುಗೆ ಅಲ್ಲ, ನಮ್ಮ ಸಿಂಕಿಗೆ. ಅಜ್ಜಿ ಮೊನ್ನೆ ಅದರಲ್ಲಿ ಕೈ ತೊಳೆದು, ಮೂಸಿ ನೋಡಿ, "ಈಗ ಪರವಾಗಿಲ್ಲ, ಆದ್ರೂ ಸೀಗೆಪುಡಿ ಸಮ ಬರಲ್ಲ" ಅಂದರು.