ಪರದೇಶಿಗಳ ಸಭೆ

"ಪರದೇಶಿ" ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಎರಡು ಅರ್ಥಗಳುಂಟು. ಬೇರೆ ದೇಶದಿಂದ ಬಂದವನೆಂಬುದು ಒಂದು. ದಿಕ್ಕುದೆಸೆ ಇಲ್ಲದವನೆಂಬುದು ಇನ್ನೊಂದು. ಮನೆಗಳಲ್ಲಿ ತಾಯಂದಿರ ಬಾಯಿಂದ ಹೆಚ್ಚಾಗಿ ಕೇಳಿಬರುವುದು ಈ ಎರಡನೆಯ ಅರ್ಥವೇ. ಲಂಡನ್ ಪಟ್ಟಣದಲ್ಲಿ 1550ನೇ ಇಸವಿಯಲ್ಲಿ ಸ್ಥಾಪಿತವಾದ ಒಂದು ಚಿಕ್ಕ ಕ್ರೈಸ್ತ ಸಭೆಗೆ ಈ ಎರಡು ಅರ್ಥಗಳೂ ಒಪ್ಪುತ್ತಿದ್ದವು. ಅದರ ಜನರನ್ನು ಇಂಗ್ಲಿಷರು ಪರದೇಶಿಗಳೆಂದು ಕರೆದರು. ಅವರ ಸಭೆಗೂ ಅದೇ ಹೆಸರು ನಿಂತಿತು. ಎಡ್ವರ್ಡ್, ಮೇರಿ, ಎಲಿಜಬೆತ್ ಎಂಬ ಮೂವರ ಆಳಿಕೆಗಳನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಚರಿತ್ರೆಯ ಪಾಠದಲ್ಲಿ ಓದಿಯೇ ಇರುವರು. ಆ ಆಳಿಕೆಗಳ ನಡುವೆ ಈ ಬಡಜನರು ಪಟ್ಟ ಪಾಡನ್ನು ಮಾತ್ರ ಪಾಠಪುಸ್ತಕಗಳು ಹೇಳುವುದು ವಿರಳ.

ಈಗಿನ ಹಾಲೆಂಡ್ ಮತ್ತು ಬೆಲ್ಜಿಯಂ ದೇಶಗಳು ಆಗ ಚಕ್ರವರ್ತಿ ಐದನೆಯ ಚಾರ್ಲ್ಸನ ಅಧೀನದಲ್ಲಿದ್ದವು. ಸುಧಾರಿತ ಬೋಧನೆಯನ್ನು ಅವಲಂಬಿಸಿದವರ ವಿಷಯವಾಗಿ ಅವನು 1550ರಲ್ಲಿ ಹೊರಡಿಸಿದ ಆಜ್ಞೆಯು ಅತಿ ಕ್ರೂರವಾದದ್ದು. ತಪ್ಪೊಪ್ಪಿಕೊಂಡರೂ ಗಂಡಸರಿಗೆ ಕತ್ತಿ, ಹೆಂಗಸರಿಗೆ ಜೀವಂತ ಸಮಾಧಿ, ಒಪ್ಪಿಕೊಳ್ಳದವರಿಗೆ ಬೆಂಕಿ. ಇಂಥ ಭಯದ ದೆಸೆಯಿಂದ ನೇಕಾರರು, ಚಮ್ಮಾರರು, ಅಚ್ಚುಕೂಟದವರು ಮುಂತಾದ ಅನೇಕರು ಹೆಂಡತಿ ಮಕ್ಕಳೊಡನೆ ಕಡಲು ದಾಟಿ ಲಂಡನ್ನಿಗೆ ಬಂದು ಸೇರಿದ್ದರು. ಅಲ್ಲಿ ಬಾಲಕನಾದ ಆರನೆಯ ಎಡ್ವರ್ಡನು ರಾಜನಾಗಿದ್ದನು. 1550ನೇ ಜುಲೈ 24ರಂದು ಅವನು ಈ ಜನರಿಗೆ ಒಂದು ಸನ್ನದನ್ನು ಕೊಟ್ಟು, ಅಗಸ್ಟೀನ ಸನ್ಯಾಸಿಗಳದಾಗಿದ್ದ "ಆಸ್ಟಿನ್ ಫ್ರಯರ್ಸ್" ಎಂಬ ಮಠದ ದೇವಾಲಯವನ್ನು ಅವರಿಗೆ ಬಿಟ್ಟನು. ಆ ಮಠವು 1538ರಲ್ಲಿಯೇ ಮುಚ್ಚಲ್ಪಟ್ಟಿತ್ತು.

ದೇವಾಲಯವನ್ನು ಬಿಟ್ಟನೆಂದೆನಲ್ಲಾ, ಬಿಟ್ಟದ್ದು ಅದರ ಪಶ್ಚಿಮದ ಅರ್ಧವನ್ನು ಮಾತ್ರ. ಪೂರ್ವಭಾಗವೂ ಗೋಪುರವೂ ಒಬ್ಬ ದೊಡ್ಡ ಪ್ರಭುವಿನ ಪಾಲಾಗಿದ್ದವು. ಅವನು ಅಲ್ಲಿ ಧಾನ್ಯವನ್ನೂ ಕಲ್ಲಿದ್ದಲನ್ನೂ ತುಂಬಿಸಿದನು. ಅವನ ಮಗನಂತೂ ಅಲ್ಲಿ ಹೂಳಲ್ಪಟ್ಟಿದ್ದ ಶ್ರೀಮಂತರ ಸಮಾಧಿಕಲ್ಲುಗಳನ್ನು ನೂರು ಪೌಂಡಿಗೆ ಮಾರಿಬಿಟ್ಟನೆಂದು ಆ ಕಾಲದ ಲಂಡನ್ನಿನ ವೃತ್ತಾಂತವನ್ನು ಬರೆದ ಜಾನ್ ಸ್ಟೋ ಎಂಬವರು ತಿಳಿಸಿದ್ದಾರೆ. ಸನ್ನದಿನಲ್ಲಿ ಈ ಆಲಯಕ್ಕೆ "ಕರ್ತನಾದ ಯೇಸುವಿನ ಆಲಯ" ಎಂದು ಹೆಸರಿಡಲಾಗಿತ್ತು. ಗೋಡೆಯ ಈಚೆ ಕೀರ್ತನೆ, ಆಚೆ ಕಲ್ಲಿದ್ದಲು!

ಸಭೆಯ ಮೇಲ್ವಿಚಾರಕರಾಗಿ ನೇಮಕ ಹೊಂದಿದವರು ಡಚ್ಚರೂ ಅಲ್ಲ, ಇಂಗ್ಲಿಷರೂ ಅಲ್ಲ, ಪೋಲೆಂಡ್ ದೇಶದವರು. ಯಾನ್ ಲಾಸ್ಕಿ ಎಂಬ ಇವರು 1499ರಲ್ಲಿ ದೊಡ್ಡ ಮನೆತನದಲ್ಲಿ ಹುಟ್ಟಿದವರು. ಅವರ ದೊಡ್ಡಪ್ಪ ಚಿಕ್ಕಪ್ಪಂದಿರಲ್ಲಿ ಒಬ್ಬರು ಆ ದೇಶದ ಆರ್ಚ್‌ಬಿಷಪರು. ಪ್ರಾಯದಲ್ಲಿ ಇವರು ಪಂಡಿತ ಇರಾಸ್ಮಸರ ಗ್ರಂಥಭಂಡಾರವನ್ನು ಕ್ರಯಕ್ಕೆ ಕೊಂಡು, ಆ ವೃದ್ಧರು ಬದುಕಿರುವ ತನಕ ಪುಸ್ತಕಗಳನ್ನು ಅವರ ಬಳಿಯಲ್ಲೇ ಬಿಟ್ಟಿದ್ದರು. ಇವರ ಕೈಕೆಳಗೆ ನಾಲ್ವರು ಬೋಧಕರಿದ್ದರು. ಡಚ್ಚರೂ ಉತ್ತರ ಜರ್ಮನಿಯವರೂ ಆಸ್ಟಿನ್ ಫ್ರಯರ್ಸಿನಲ್ಲಿ ಕೂಡಿಬಂದರು. ಫ್ರೆಂಚ್ ಭಾಷೆಯವರಿಗೆ ಬೇಗನೆ ಥ್ರೆಡ್‌ನೀಡಲ್ ಬೀದಿಯಲ್ಲಿ ಬೇರೆ ಆಲಯ ದೊರೆಯಿತು. ಇಟಲಿಯವರಿಗೂ ಒಂದು ಸಣ್ಣ ಸಭೆಯಾಯಿತು.

ಇವರ ಆರಾಧನಾಕ್ರಮದಲ್ಲಿ ಮೂರು ಸಂಗತಿಗಳು ಗಮನಿಸತಕ್ಕವು. ಕರ್ತನ ಭೋಜನಕ್ಕೆ ಸಭೆಯವರು ಮೊಣಕಾಲೂರದೆ, ಮನೆಯಲ್ಲಿ ಊಟಕ್ಕೆ ಕೂತಂತೆ ಮೇಜಿನ ಸುತ್ತಲೂ ಕುಳಿತುಕೊಳ್ಳುತ್ತಿದ್ದರು. ಭಾನುವಾರದ ಪ್ರಸಂಗದಲ್ಲಿ ಯಾರಿಗಾದರೂ ಸಂಶಯವುಂಟಾದರೆ ವಾರದ ನಡುವೆ ಕೂಡಿಬರುವ ಸಮಯದಲ್ಲಿ ಅದನ್ನು ಹಿರಿಯರ ಮೂಲಕ ಕೇಳಿಸಬಹುದಾಗಿತ್ತು. ಬೋಧಕರು ಎಲ್ಲರೆದುರಿಗೆ ಉತ್ತರ ಕೊಡಬೇಕು. (ನಮ್ಮಲ್ಲಿ ಇಂಥ ಪದ್ಧತಿಯಿದ್ದರೆ ಪ್ರಸಂಗಗಳು ಎಷ್ಟೋ ಚಿಕ್ಕವಾದಾವು.) ಮೂರನೆಯದು ಮಕ್ಕಳ ಬೋಧನೆ. ಲಾಸ್ಕಿಯವರು ಬರೆದ ದೊಡ್ಡ ಪ್ರಶ್ನೋತ್ತರಿಯನ್ನು ಯಾನ್ ಉಟೆನ್‌ಹೋವ್ ಎಂಬ ಹಿರಿಯರು ಡಚ್ ಭಾಷೆಗೆ ತಂದರು. ಬೋಧಕರಾದ ಮಾರ್ಟನ್ ಮಿಕ್ರೋನ್ ಎಂಬವರು ಚಿಕ್ಕದೊಂದನ್ನು ರಚಿಸಿದರು. ಹಾಡುವುದಕ್ಕೆ ದಾವೀದನ ಕೀರ್ತನೆಗಳನ್ನು ಡಚ್ ಪದ್ಯವಾಗಿ ಮಾಡಿದವರೂ ಈ ಉಟೆನ್‌ಹೋವರೇ.

ಅರಸನು ಸನ್ನದು ಕೊಡುವುದಕ್ಕೆ ದಯೆಯೊಂದೇ ಕಾರಣವಲ್ಲ. ಅವನ ಸ್ವಂತ ದಿನಚರಿಯಲ್ಲಿಯೇ ಇದರ ಉದ್ದೇಶ ಬರೆಯಲ್ಪಟ್ಟಿದೆ: ಮರುದೀಕ್ಷಾಸ್ನಾನದವರೇ ಮೊದಲಾದ ಪಂಥಗಳು ದೇಶದಲ್ಲಿ ಹಬ್ಬದಂತೆ ನೋಡಿಕೊಳ್ಳುವುದೆಂಬುದೇ ಅದು. ಶಿಶುಗಳಿಗೆ ಸ್ನಾನ ಕೊಡಬಾರದು, ನಂಬಿಕೆಯನ್ನು ಅರಿಕೆಮಾಡಿದ ದೊಡ್ಡವರಿಗೇ ಕೊಡಬೇಕು ಎಂದು ಬೋಧಿಸಿದ ಆ ಜನರನ್ನು ಯೂರೋಪಿನ ಸಕಲ ಸರಕಾರಗಳೂ ಹಿಂಸಿಸುತ್ತಿದ್ದವು. ಪರದೇಶಿಗಳನ್ನು ಒಂದು ಆಲಯದಲ್ಲಿ, ನಾಲ್ವರು ಬೋಧಕರ ಕಣ್ಣಿನ ಕೆಳಗೆ ಕೂಡಿಸಿದರೆ ಅಂಥವರನ್ನು ಆರಿಸಿ ಹೊರಗಿಡುವುದು ಸುಲಭವೆಂದು ಮಂತ್ರಿಗಳು ಎಣಿಸಿದ್ದರು. ಸಭೆಯವರೂ ಅದಕ್ಕೆ ಒಪ್ಪಿದರು. ಈ ಒಪ್ಪಿಗೆಯನ್ನು ವಾಚಕರು ನೆನಪಿನಲ್ಲಿಡಬೇಕು.

1553ರ ಜುಲೈ ತಿಂಗಳಲ್ಲಿ ಎಡ್ವರ್ಡನು ಹದಿನೈದು ವರುಷದವನಾಗಿ ತೀರಿಕೊಂಡನು. ಮೇರಿ ರಾಣಿಯು ಪಟ್ಟಕ್ಕೆ ಬಂದು ಹಳೆಯ ಮತವನ್ನು ತಿರಿಗಿ ಸ್ಥಾಪಿಸಿದಳು. ಪರದೇಶಿಗಳ ಸನ್ನದು ಮೂಲೆಗೆ ಬಿತ್ತು. ಸಪ್ಟೆಂಬರ್ 17ರಂದು ಗ್ರೇವ್ಸೆಂಡ್ ಎಂಬ ರೇವಿನಿಂದ ಎರಡು ಡೇನಿಷ್ ಹಡಗುಗಳಲ್ಲಿ ಸುಮಾರು 175 ಮಂದಿ ಹೊರಟರು. ಲಾಸ್ಕಿಯವರೂ ಮಿಕ್ರೋನರೂ ಉಟೆನ್‌ಹೋವರೂ ಅವರೊಂದಿಗಿದ್ದರು. ಡೆನ್ಮಾರ್ಕಿನ ಅರಸನಾದ ಮೂರನೆಯ ಕ್ರಿಶ್ಚಿಯನನು ಸುವಾರ್ತೆಯನ್ನು ಅಂಗೀಕರಿಸಿದವನಾದ್ದರಿಂದ ಅವನು ಖಂಡಿತವಾಗಿ ಆಶ್ರಯ ಕೊಡುವನೆಂದು ಅವರ ನಿರೀಕ್ಷೆ. ಆದರೆ ಕರ್ತನ ಭೋಜನದ ವಿಷಯವಾಗಿ ಅವರ ಬೋಧನೆಯು ಲೂಥರರ ಬೋಧನೆಗೆ ಸರಿಹೋಗಲಿಲ್ಲ. ಕೋಲ್ಡಿಂಗ್ ಎಂಬ ಊರಿನಲ್ಲಿ ಆಸ್ಥಾನದ ಬೋಧಕರು ಅವರೆದುರಿಗೇ ಅವರನ್ನು ಖಂಡಿಸಿ ಪ್ರಸಂಗಿಸಿದರು. ನಮ್ಮ ಕ್ರಮವನ್ನು ಒಪ್ಪಿದರೆ ಇರಬಹುದು, ಇಲ್ಲವಾದರೆ ಹೊರಡಬೇಕು ಎಂದು ಅರಸನ ಅಪ್ಪಣೆಯಾಯಿತು. ಅದು ಚಳಿಗಾಲ. ಕೈಕೂಸುಗಳಿದ್ದ ತಾಯಂದಿರೂ ಬಾಲ್ಟಿಕ್ ಸಮುದ್ರದ ಮೇಲೆ ಹೋಗಬೇಕಾಯಿತು. ರೋಸ್ಟಾಕ್, ವಿಸ್ಮಾರ್, ಲೂಬೆಕ್, ಹ್ಯಾಂಬರ್ಗ್ ಎಂಬ ಪಟ್ಟಣಗಳಲ್ಲಿ ಒಂದಾದರೂ ಅವರನ್ನು ಉಳಿಸಿಕೊಳ್ಳಲಿಲ್ಲ. ಇವೆಲ್ಲವೂ ಪ್ರಾಟೆಸ್ಟಂಟ್ ಪಟ್ಟಣಗಳೇ ಎಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ.

1553ರ ಡಿಸೆಂಬರಿನಲ್ಲಿ, ಈ ಜನರಿದ್ದ ಒಂದು ಹಡಗು ವಿಸ್ಮಾರಿನ ಬಳಿಯಲ್ಲಿ ಹೆಪ್ಪುಗಟ್ಟಿದ ಕಡಲಿನಲ್ಲಿ ಸಿಕ್ಕಿಕೊಂಡಿತು. ಆಗ ಊರಿನಿಂದ ಕೆಲವರು ರೊಟ್ಟಿ ಮುಂತಾದ ಆಹಾರವನ್ನು ಹೊತ್ತುಕೊಂಡು ಹಿಮಗಡ್ಡೆಯ ಮೇಲೆ ಬಂದು, ಹಸಿದವರಿಗೆ ಉಣಿಸಿ, ಅವರನ್ನು ದಡಕ್ಕೆ ಕರೆತಂದರು. ಅವರು ಯಾರೆಂದರೆ, ಅದೇ ಪಟ್ಟಣದಲ್ಲಿ ಮರೆಯಾಗಿ ಬದುಕುತ್ತಿದ್ದ ಮರುದೀಕ್ಷಾಸ್ನಾನದವರು. ಮೆನ್ನೋ ಸೀಮನ್ಸ್ ಎಂಬವರ ಅನುಯಾಯಿಗಳು. ಹೊರಗೆ ಕಾಣಿಸಿಕೊಂಡರೆ ತಮಗೇ ಅಪಾಯವೆಂದು ತಿಳಿದೂ ಬಂದವರು. ಯಾರನ್ನು ಹೊರಗಿಡಬೇಕೆಂದು ಆಸ್ಟಿನ್ ಫ್ರಯರ್ಸಿನ ಬಾಗಿಲನ್ನು ಕಟ್ಟಲಾಯಿತೋ ಅವರ ಕೈಯಿಂದಲೇ ಆ ಬಾಗಿಲಿನವರಿಗೆ ರೊಟ್ಟಿ ದೊರೆಯಿತು.

ಇದರಿಂದ ಎರಡು ಕಡೆಯವರೂ ಒಂದಾದರೆಂದು ಬರೆಯಲು ನನಗೂ ಆಶೆಯೇ. ಆದರೆ ನಡೆದದ್ದು ಹಾಗಲ್ಲ. 1554ರ ಫೆಬ್ರುವರಿಯಲ್ಲಿ ಮಿಕ್ರೋನರು ವಿಸ್ಮಾರಿಗೆ ಬಂದು ಮೆನ್ನೋರವರೊಡನೆ ವಾದಕ್ಕೆ ಕುಳಿತರು. ವಾದವು ಕಹಿಯಾಗಿ ಮುಗಿಯಿತು. ತರುವಾಯ ಇಬ್ಬರೂ ಪರಸ್ಪರ ಖಂಡಿಸಿ ಪುಸ್ತಕಗಳನ್ನು ಬರೆದರು. ಆ ವಸಂತಕಾಲದಲ್ಲಿ ಅಲೆದಾಡಿದವರಿಗೆ ಎಂಡನ್ ಪಟ್ಟಣದಲ್ಲಿ ಕಡೆಗೂ ನೆಲೆ ದೊರಕಿತು. ಲಾಸ್ಕಿಯವರು ತಮ್ಮ ಸ್ವದೇಶಕ್ಕೆ ಹೋಗಿ 1560ರಲ್ಲಿ ಅಲ್ಲಿಯೇ ತೀರಿಕೊಂಡರು.

ಎಲಿಜಬೆತ್ ರಾಣಿಯ ಕಾಲದಲ್ಲಿ, 1560ರಲ್ಲಿ, ಆಲಯವು ಪರದೇಶಿಗಳಿಗೆ ಮರಳಿ ದೊರೆಯಿತು. ಮೇಲ್ವಿಚಾರಣೆ ಮಾತ್ರ ಲಂಡನ್ನಿನ ಬಿಷಪರಾದ ಗ್ರಿಂಡಲರಿಗೆ ಸೇರಿತು. ಡಚ್ ಬೋಧಕರಲ್ಲಿ ಒಬ್ಬರಾದ ಆಡ್ರಿಯಾನ್ ವಾನ್ ಹಾಮ್‌ಸ್ಟೇಡ್ ಎಂಬವರು ಹಿಂಸೆಯ ದಿನಗಳಲ್ಲಿ ಆಂಟ್‌ವರ್ಪಿನಲ್ಲಿ ಗುಪ್ತವಾಗಿ ಬೋಧಿಸಿದವರು. ರಕ್ತಸಾಕ್ಷಿಗಳ ಚರಿತ್ರೆಯನ್ನು ಬರೆದು 1559ರಲ್ಲಿ ಅಚ್ಚು ಹಾಕಿಸಿದವರು. ಲಂಡನ್ನಿನಲ್ಲಿ ಅಡಗಿದ್ದ ಮರುದೀಕ್ಷಾಸ್ನಾನದವರು ಇವರ ಬಳಿಗೆ ಬಂದಾಗ ಇವರು ಬಾಗಿಲು ಮುಚ್ಚಲಿಲ್ಲ. ಕ್ರಿಸ್ತನೊಬ್ಬನನ್ನೇ ತಮ್ಮ ಮಧ್ಯಸ್ಥನೆಂದು ನಂಬುವವರು ಕೆಲವು ಸಂಗತಿಗಳಲ್ಲಿ ತಪ್ಪಿದರೂ ಬಲಹೀನ ಸಹೋದರರೇ ಎಂದು ಇವರ ಅಭಿಪ್ರಾಯ. ಈ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಸಭೆಯ ಹಿರಿಯರು ಒತ್ತಾಯಿಸಿದರು, ಇವರು ಒಪ್ಪಲಿಲ್ಲ. 1560ರ ನವೆಂಬರಿನಲ್ಲಿ ಇವರನ್ನು ಸಭಾಬಹಿಷ್ಕಾರ ಮಾಡಲಾಯಿತು. ಚಳಿಗಾಲದ ಆ ಪ್ರಯಾಣದ ವೃತ್ತಾಂತವನ್ನು ಬರೆದ ಉಟೆನ್‌ಹೋವರು ಆಗ ಹಿರಿಯರಲ್ಲಿ ಮುಖ್ಯರಾಗಿದ್ದರು. ಹಾಮ್‌ಸ್ಟೇಡರು 1562ರಲ್ಲಿ ಒಂದು ಸಾರಿ ಹಿಂದಿರುಗಿ ಬಂದರೂ, ಬಿಷಪರು ಬರೆದಿಟ್ಟಿದ್ದ ತಪ್ಪೊಪ್ಪಿಗೆಯ ಪತ್ರಕ್ಕೆ ಒಪ್ಪದೆ ದೇಶವನ್ನು ಬಿಟ್ಟುಹೋಗಿ ಅದೇ ವರುಷ ಮೃತರಾದರು.

ಹಿರಿಯರನ್ನು ಸುಮ್ಮನೆ ನಿಂದಿಸಬಾರದು. ಸನ್ನದು ಒಮ್ಮೆ ಕಳೆದುಹೋಗಿತ್ತು. ಪಂಥದವರಿಗೆ ಆಸರೆಯಾದರೆಂಬ ಅಪವಾದ ಬಂದರೆ ಎರಡನೆಯ ಸಾರಿಯೂ ಕಳೆದೀತು, ನೂರಾರು ಕುಟುಂಬಗಳು ಮತ್ತೆ ಹಡಗು ಹತ್ತಬೇಕಾದೀತು ಎಂಬ ಅಂಜಿಕೆ ಅವರದು. ಆದರೂ ಆ ಅಂಜಿಕೆಯ ಫಲವು ಅಲ್ಲಿಗೇ ನಿಲ್ಲಲಿಲ್ಲ. 1575ರ ಈಸ್ಟರ್ ದಿನ ಲಂಡನ್ನಿನಲ್ಲಿ ಗುಪ್ತವಾಗಿ ಪ್ರಾರ್ಥನೆಗೆ ಕೂಡಿದ್ದ ಡಚ್ ಮರುದೀಕ್ಷಾಸ್ನಾನದವರು ಸೆರೆಹಿಡಿಯಲ್ಪಟ್ಟರು. ಅವರ ವಿಚಾರಣೆಯಲ್ಲಿ ಬಿಷಪರೊಂದಿಗೆ ಡಚ್ ಸಭೆಯ ಬೋಧಕರೂ ಕುಳಿತಿದ್ದರು. ಅವರಲ್ಲಿ ಯಾನ್ ಪೀಟರ್ಸ್, ಹೆಂಡ್ರಿಕ್ ಟರ್ವೂರ್ಟ್ ಎಂಬ ಇಬ್ಬರನ್ನು ಜುಲೈ 22ರಂದು ಸ್ಮಿತ್‌ಫೀಲ್ಡಿನಲ್ಲಿ ಸುಡಲಾಯಿತು. ಬೇಡವೆಂದು ರಾಣಿಗೆ ಬಿನ್ನಹ ಬರೆದವರು ಇಂಗ್ಲಿಷರಾದ ಜಾನ್ ಫಾಕ್ಸ್ ಎಂಬವರು.

ಮುಂದಿನ ಶತಮಾನಗಳನ್ನು ಬೇಗನೆ ದಾಟಬಹುದು. 1630ರ ದಶಕದಲ್ಲಿ ಆರ್ಚ್‌ಬಿಷಪ್ ಲಾಡರು, ಇಂಗ್ಲೆಂಡಿನಲ್ಲಿ ಹುಟ್ಟಿದ ಪರದೇಶಿಗಳ ಮಕ್ಕಳೆಲ್ಲರೂ ಇಂಗ್ಲಿಷ್ ದೇವಾಲಯಗಳಿಗೇ ಹೋಗಬೇಕೆಂದು ವಿಧಿಸಿ ಈ ಸಭೆಗಳನ್ನು ಕರಗಿಸಲು ನೋಡಿದರು, ಅದು ಪೂರ್ತಿಯಾಗಲಿಲ್ಲ. 1666ರ ಮಹಾ ಅಗ್ನಿಯಿಂದ ಆಲಯವು ತಪ್ಪಿಸಿಕೊಂಡಿತು. 1862ರಲ್ಲಿ ಬೆಂಕಿಬಿದ್ದು ಬಹಳ ಹಾಳಾಗಿ ದುರಸ್ತಿಯಾಯಿತು. ಕೆಲವು ವರುಷಗಳ ತರುವಾಯ, ಲಂಡನ್ನಿನಲ್ಲಿ ಕೆಲಸಕ್ಕಿದ್ದ ವಿನ್ಸೆಂಟ್ ವಾನ್ ಗೋ ಎಂಬ ತರುಣ ಡಚ್ಚರು ಅದರ ಚಿತ್ರವನ್ನು ಬರೆದರು. ಇವರೇ ಮುಂದೆ ಲೋಕಪ್ರಸಿದ್ಧರಾದ ಚಿತ್ರಗಾರರು. 1940ರ ಅಕ್ಟೋಬರ್ 15ರ ರಾತ್ರಿ ಬಿದ್ದ ಬಾಂಬಿನಿಂದ ಮಠದ ಹಳೆಯ ಕಟ್ಟಡವು ಸಂಪೂರ್ಣವಾಗಿ ನಾಶವಾಯಿತು. ಬೆಲೆಯುಳ್ಳ ಪುಸ್ತಕಗಳನ್ನು ಅದಕ್ಕೆ ಮೊದಲೇ ಬೇರೆಡೆಗೆ ಸಾಗಿಸಿದ್ದರಿಂದ ಅವು ಉಳಿದವು.

ಸಭೆಗೆ ನಾನೂರು ವರುಷ ತುಂಬಿದ 1950ರ ಜುಲೈಯಲ್ಲಿ, ಹಾಲೆಂಡಿನ ರಾಜಪುತ್ರಿ ಐರೀನ್ ಎಂಬ ಹತ್ತು ವರುಷದ ಹುಡುಗಿಯು ಹೊಸ ಆಲಯದ ಅಸ್ತಿವಾರದ ಕಲ್ಲನ್ನು ಇಟ್ಟಳು. ಕಟ್ಟಡವು 1954ರಲ್ಲಿ ಮುಗಿಯಿತು. ಮೊದಲಿನದಕ್ಕಿಂತ ಚಿಕ್ಕದಾದ ಆ ಆಲಯದಲ್ಲಿ, ಲಂಡನ್ನಿನ ಬ್ಯಾಂಕುಗಳ ಮಧ್ಯದಲ್ಲಿ, ಡಚ್ ಭಾಷೆಯ ಆರಾಧನೆಯು ಈಗಲೂ ನಡೆಯುತ್ತಿದೆ.