ಮಗಳು ಅಳುತ್ತಾ ಬಂದಾಗ...

ಶಾಲೆಯಿಂದ ಬಂದ ಮಗಳು ಚೀಲವನ್ನು ಮೂಲೆಗೆಸೆದು ಕೋಣೆ ಸೇರುತ್ತಾಳೆ. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಾಳೆ. ಅವಳ ಬಣ್ಣವನ್ನೋ ಸಮುದಾಯವನ್ನೋ ಎತ್ತಿ ಯಾರೋ ಚುಚ್ಚಿ ಮಾತಾಡಿದ್ದಾರೆಂದು ರಾತ್ರಿ ಹೊತ್ತಿಗೆ ನಿಮಗೆ ತಿಳಿಯುತ್ತದೆ. ಆಗ ನೀವು ಏನೆನ್ನುತ್ತೀರಿ ಸಹೋದರಿ? 'ತಲೆಗೆ ಹಚ್ಚಿಕೊಳ್ಳಬೇಡ' ಎಂದೇ? 'ನೀನೇನು ಮಾಡಿದ್ದೆ?' ಎಂದೇ? ಉತ್ತರಿಸುವ ಮೊದಲು ಅಮೆರಿಕದ ಇಬ್ಬರು ಹುಡುಗಿಯರ ಕಥೆ ಕೇಳಿ.

ಕರಿಯರಿಗೆ ಬೇರೆ, ಬಿಳಿಯರಿಗೆ ಬೇರೆ ಶಾಲೆ ನಡೆಸುವುದು ತಪ್ಪೆಂದು ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪಿತ್ತಿತು. 1957ರಲ್ಲಿ ಅರ್ಕನ್ಸಾಸ್ ರಾಜ್ಯದ ಲಿಟಲ್ ರಾಕ್ ನಗರದ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳು ಸೇರಿದರು. ಅವರಲ್ಲಿ ಆರು ಮಂದಿ ಹೆಣ್ಣು ಮಕ್ಕಳು. ಒಬ್ಬಳು 15ರ ಹರೆಯದ ಎಲಿಜಬೆತ್ ಎಕ್‌ಫೋರ್ಡ್.

ಸೆಪ್ಟೆಂಬರ್ 4ರಂದು ಎಲ್ಲರೂ ಒಟ್ಟಾಗಿ ಹೋಗುವುದೆಂದು ಹಿಂದಿನ ರಾತ್ರಿ ನಿರ್ಧಾರವಾಯಿತು. ಆದರೆ ಎಲಿಜಬೆತಳ ಮನೆಯಲ್ಲಿ ಟೆಲಿಫೋನ್ ಇರಲಿಲ್ಲ, ಸುದ್ದಿ ಮುಟ್ಟಲಿಲ್ಲ. ಬೆಳಿಗ್ಗೆ ತಾಯಿ ಎಲ್ಲರನ್ನೂ ಸೇರಿಸಿ ಪ್ರಾರ್ಥನೆ ಮಾಡಿಸಿದರು. ತಂದೆ ಚಿಂತೆಯಿಂದ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ತಾನೇ ಹೊಲಿದ ಹೊಸ ಉಡುಪು ತೊಟ್ಟು ಅವಳು ಒಬ್ಬಳೇ ಹೊರಟಳು.

ಶಾಲೆಯ ಮುಂದೆ ರಾಜ್ಯಪಾಲ ಫಾಬಸ್ ನಿಲ್ಲಿಸಿದ್ದ ಸೈನಿಕರು ಬಂದೂಕು ಅಡ್ಡ ಹಿಡಿದರು. ಹಿಂದೆ ಅರಚುವ ಜನರ ಗುಂಪು. ಬಸ್ ನಿಲ್ದಾಣದ ಬೆಂಚಿನವರೆಗೂ ಬೈಗುಳ ಬೆನ್ನಟ್ಟಿತು. ಕೊನೆಗೆ ಒಬ್ಬ ಬಿಳಿಯ ಮಹಿಳೆ ಅವಳನ್ನು ಬಸ್ಸು ಹತ್ತಿಸಿದರು.

ಅವಳು ನೇರ ಹೋದದ್ದು ತಾಯಿ ಕೆಲಸ ಮಾಡುತ್ತಿದ್ದಲ್ಲಿಗೆ. ತಾಯಿ ತಲೆ ತಗ್ಗಿಸಿ ಕಿಟಕಿಯ ಬಳಿ ನಿಂತಿದ್ದರು. ಮಗಳ ಬಾಯಿಂದ ಮಾತು ಹೊರಡಲಿಲ್ಲ. ತಾಯಿ ತಬ್ಬಿಕೊಂಡರು. ಆಗ ಅವಳು ಅತ್ತಳು.

ಒಂಬತ್ತು ಮಂದಿಯಲ್ಲಿ ಅತಿ ಕಿರಿಯಳು 14ರ ಕಾರ್ಲೋಟಾ ವಾಲ್ಸ್. ತಂದೆ ಇಟ್ಟಿಗೆ ಕಟ್ಟುವ ಮೇಸ್ತ್ರಿ. ಮಗಳು ಆ ಶಾಲೆ ಸೇರಿದ್ದಕ್ಕೆ ಅವರಿಗೆ ಕೆಲಸ ಸಿಗುವುದೇ ಕಷ್ಟವಾಯಿತು. ಆದರೂ ಮಗಳನ್ನು ಶಾಲೆ ಬಿಡಿಸಲಿಲ್ಲ. 1960ರ ಫೆಬ್ರವರಿಯಲ್ಲಿ ಅವರ ಮನೆಯಲ್ಲಿ ಬಾಂಬು ಸಿಡಿಯಿತು. ಮರುದಿನ ಕಾರ್ಲೋಟಾ ಶಾಲೆಗೆ ಹೋದಳು. ಅದೇ ವರ್ಷ ತೇರ್ಗಡೆಯಾದಳು.

ಹೆತ್ತವರ ಪ್ರೀತಿ ಎಲ್ಲ ಗಾಯವನ್ನೂ ಮಾಯಿಸುತ್ತದೆಂದು ಮಾತ್ರ ತಿಳಿಯಬೇಡಿ. ನಂತರ ಕೇಂದ್ರದ ಸೈನಿಕರ ರಕ್ಷಣೆಯಲ್ಲಿ ಈ ಮಕ್ಕಳು ಒಳಗೆ ಹೋದರೂ ತಳ್ಳಾಟ, ಹೊಡೆತ, ಹೀಯಾಳಿಕೆ ವರ್ಷವಿಡೀ ನಡೆಯಿತು. ಎಲಿಜಬೆತ್ ಮುಂದೆ ಅನೇಕ ವರ್ಷ ಖಿನ್ನತೆಯಿಂದ ಬಳಲಿದರು. ಮನೆಯ ಬೆಂಬಲ ಬರುವ ಕಲ್ಲನ್ನು ತಡೆಯದು. ಆದರೆ ಕಲ್ಲು ತಾಗಿದ ಮಗು ಒಂಟಿಯಾಗದಂತೆ ನೋಡಿಕೊಳ್ಳುತ್ತದೆ.

ಅಮೆರಿಕದ ಕರಿಯರ ಕುಟುಂಬಗಳನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ಬಹಳ ಬರೆದಿದ್ದಾರೆ. ತಮ್ಮವರ ಚರಿತ್ರೆಯನ್ನು ಅಭಿಮಾನದಿಂದ ಹೇಳಿಕೊಡುವ ಮನೆಗಳ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಾಗಿ ಕಂಡುಬಂದಿದೆ. ಇತರರೆಲ್ಲ ಕೆಟ್ಟವರು, ಯಾರನ್ನೂ ನಂಬಬೇಡ ಎಂದಷ್ಟೇ ಕಲಿಸಿದಲ್ಲಿ ಒಳಿತಿಗಿಂತ ಕೆಡುಕೇ ಹೆಚ್ಚು. ಎಲಿಜಬೆತಳನ್ನು ಬಸ್ಸು ಹತ್ತಿಸಿದವರೂ ಬಿಳಿಯರೇ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು.

ಹಾಗಾದರೆ ನಾವೇನು ಮಾಡಬೇಕು? ಮೊದಲು ಪೂರ್ತಿ ಕೇಳಿ, ನಡುವೆ ಬಾಯಿ ಹಾಕಬೇಡಿ. ತಪ್ಪು ಅವಳದ್ದಲ್ಲ ಎಂದು ಬಾಯಿಬಿಟ್ಟು ಹೇಳಿ. ಯಾರು, ಎಂದು, ಏನು ಹೇಳಿದರೆಂದು ಬರೆದಿಟ್ಟು, ತಂದೆ ತಾಯಿ ಇಬ್ಬರೂ ಹೋಗಿ ಮುಖ್ಯೋಪಾಧ್ಯಾಯರೊಡನೆ ಸಮಾಧಾನದಿಂದ ಮಾತಾಡಿ. ನೋವು ಕೊಟ್ಟವರು ಶಾಲೆಯಲ್ಲೇ ಉಳಿದು, ನೋವುಂಡವಳು ಮನೆಯಲ್ಲಿ ಕುಳಿತುಕೊಳ್ಳುವಂತಾಗಬಾರದು.

ಇನ್ನೊಂದು ಮಾತು. 'ಅಕ್ಕ ಬೆಳ್ಳಗೆ, ಇವಳು ಸ್ವಲ್ಪ ಕಪ್ಪು' ಎಂದು ನೆಂಟರ ಮುಂದೆ ನಾವೇ ನಗುತ್ತಾ ಹೇಳುವುದಿಲ್ಲವೇ? ಬಣ್ಣ ನೋಡಿ ಬೆಲೆ ಕಟ್ಟುವುದನ್ನು ಮನೆಯಲ್ಲೇ ಕಲಿತ ಮಗಳು, ಹೊರಗೆ ಅದೇ ಮಾತು ಕೇಳಿದಾಗ ಯಾರ ಬಳಿ ದೂರಬೇಕು?

ನಾಳೆ ನಿಮ್ಮ ಮಗಳು ಮಾತಿಲ್ಲದೆ ಬಂದು ನಿಂತರೆ ಉಪದೇಶಕ್ಕೆ ಅವಸರಪಡಬೇಡಿ. ಮೊದಲು ಹತ್ತಿರ ಕರೆಯಿರಿ.